ನಿಲ್ಲದ ಹೆಬ್ಬೆರಳು: ಮಿಸಿಸಿಪ್ಪಿ ಜಾನ್ ಹರ್ಟ್ ಬಗ್ಗೆ ಅಧ್ಯಯನ ಟಿಪ್ಪಣಿ

ಬ್ಲೂಸ್, ಅಂದರೆ ಅಮೆರಿಕದ ಕರಿಯ ಜನರ ಹಾಡುಗಾರಿಕೆ, ಕಲಿಯಲು ಹೊರಟ ಗೆಳೆಯರಿಗೆ ನನ್ನದೊಂದು ಸಲಹೆ ಇದೆ. ಮೊದಲು ಜಾನ್ ಹರ್ಟ್ ಕೇಳಿ. ಉಳಿದ ದೊಡ್ಡ ಹೆಸರುಗಳೆಲ್ಲ ಆಮೇಲೆ ಬರಲಿ. ಹರ್ಟ್ ಗಂಟಲು ಹರಿದುಕೊಂಡು ಹಾಡುವವನಲ್ಲ. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಾನೆ. ಹಾಗಂತ ಸುಲಭದವನು ಅಂದುಕೊಳ್ಳಬೇಡಿ. ಈ ಟಿಪ್ಪಣಿಯಲ್ಲಿ ಅವನ ಬದುಕನ್ನೂ ಕೈಚಳಕವನ್ನೂ ಒಟ್ಟಿಗೇ ನೋಡೋಣ. ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಊರು ಮತ್ತು ಮೊದಲ ಗಿಟಾರ್

ಪೂರ್ತಿ ಹೆಸರು ಜಾನ್ ಸ್ಮಿತ್ ಹರ್ಟ್. ಹುಟ್ಟಿದ್ದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಯಾರಲ್ ಕೌಂಟಿಯಲ್ಲಿ, ಟಿಯಾಕ್ ಅನ್ನುವ ಜಾಗದಲ್ಲಿ. ಹುಟ್ಟಿದ ವರ್ಷ ಕೆಲವು ಕಡೆ 1892 ಅಂತ ಇದೆ, ಕೆಲವು ಕಡೆ 1893 ಅಂತ. ಬೆಳೆದದ್ದು, ಬದುಕಿದ್ದು ಹತ್ತಿರದ ಅವಲಾನ್ ಎಂಬ ಪುಟ್ಟ ಹಳ್ಳಿಯಲ್ಲಿ. ಈ ಊರು ಎಲ್ಲಿದೆ ಅನ್ನುವುದನ್ನು ಗಮನಿಸಿ. ಹತ್ತಿ ಬೆಳೆಯುವ ಡೆಲ್ಟಾ ಬಯಲು ಮುಗಿದು ಗುಡ್ಡ ಶುರುವಾಗುವ ಅಂಚು ಅದು. ಬಯಲಿನಲ್ಲಿ ಚಾರ್ಲಿ ಪ್ಯಾಟನ್, ಸನ್ ಹೌಸ್ ಥರದವರ ಗಡಸು ದನಿಯ ಬ್ಲೂಸ್ ಬೆಳೆಯಿತು. ಅಂಚಿನಲ್ಲಿದ್ದ ಹರ್ಟ್‌ನ ಹಾಡಿಕೆಗೆ ಆ ಗಾಳಿ ಅಷ್ಟಾಗಿ ತಗುಲಲಿಲ್ಲ.

ಅವನಿಗೆ ಸುಮಾರು ಒಂಬತ್ತು ವರ್ಷವಾಗಿದ್ದಾಗ ಮನೆಗೆ ವಿಲಿಯಂ ಹೆನ್ರಿ ಕಾರ್ಸನ್ ಎಂಬ ಗಿಟಾರ್ ನುಡಿಸುವವನು ಬಂದು ಹೋಗುತ್ತಿದ್ದ. ಗಿಟಾರ್ ಮುಟ್ಟಲು ಹುಡುಗನಿಗೆ ಅಪ್ಪಣೆ ಇರಲಿಲ್ಲ. ರಾತ್ರಿ ಕಾರ್ಸನ್ ಮಲಗಿದ ಮೇಲೆ ಜಾನ್ ಮೆತ್ತಗೆ ಹೋಗಿ ಅದನ್ನೆತ್ತಿಕೊಂಡು ನುಡಿಸಿ ನೋಡುತ್ತಿದ್ದ. ಆಮೇಲೆ ತಾಯಿ ಒಂದೂವರೆ ಡಾಲರ್ ಕೊಟ್ಟು ಅವನಿಗೇ ಒಂದು ಹಳೇ ಗಿಟಾರ್ ಕೊಡಿಸಿದಳು. ಮಲಗಿದವನಿಗೆ ಎಚ್ಚರವಾಗದ ಹಾಗೆ ನುಡಿಸುತ್ತಾ ಕಲಿತ ಕೈ ಅದು. ಅವನ ಮೆದು ನುಡಿಸಾಣಿಕೆ ಕೇಳುವಾಗಲೆಲ್ಲ ನನಗೆ ಈ ಕತೆ ನೆನಪಾಗುತ್ತದೆ.

ಗುರು ಅಂತ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಹೊಟ್ಟೆಪಾಡಿಗೆ ಬೇಸಾಯ. ನಮ್ಮಲ್ಲಿ ವಾರಕ್ಕೆ ಮಾಡುವುದು, ಕೋರಿಗೆ ಮಾಡುವುದು ಅನ್ನುತ್ತೇವಲ್ಲ, ಅಂಥದ್ದೇ. ಹೊಲ ಇನ್ನೊಬ್ಬರದು, ಬೆವರು ತನ್ನದು, ಬೆಳೆಯಲ್ಲಿ ಒಂದು ಪಾಲು. ಸ್ವಲ್ಪ ದಿನ ರೈಲು ಹಳಿ ಹಾಕುವ ಕೆಲಸಕ್ಕೂ ಹೋಗಿದ್ದ. ಶನಿವಾರ ರಾತ್ರಿ ಊರಿನ ಕುಣಿತಗಳಲ್ಲಿ ಗಿಟಾರ್. ಅದಕ್ಕಿಂತ ದೊಡ್ಡ ಆಸೆ ಅವನಿಗೆ ಇದ್ದ ಹಾಗೆ ಕಾಣುವುದಿಲ್ಲ.

1928, ಒಂದೇ ಒಂದು ವರ್ಷ

ಅವನ ಮೊದಲ ಸುತ್ತಿನ ವೃತ್ತಿ ಪೂರ್ತಿಯಾಗಿ ಈ ಒಂದು ವರ್ಷದೊಳಗೇ ಮುಗಿದುಹೋಯಿತು. ವಿಲ್ಲಿ ನಾರ್ಮರ್ ಎಂಬ ಬಿಳಿಯ ಪಿಟೀಲುಗಾರ ಅದೇ ಸೀಮೆಯವನು. ತನ್ನ ಜೊತೆಗಾರ ಸಿಗದಿದ್ದಾಗ ಹರ್ಟ್‌ನನ್ನು ಗಿಟಾರಿಗೆ ಕರೆಯುತ್ತಿದ್ದ. ಬಿಳಿಯರು, ಕರಿಯರು ಒಂದೇ ಬೆಂಚಿನಲ್ಲಿ ಕೂರಬಾರದು ಎಂಬ ಕಾನೂನು ಇದ್ದ ನಾಡಿನಲ್ಲಿ ಇವರಿಬ್ಬರೂ ಕುಣಿತಕ್ಕೆ ಒಟ್ಟಿಗೆ ನುಡಿಸುತ್ತಿದ್ದರು. ಓಕೆ ಎಂಬ ರೆಕಾರ್ಡ್ ಕಂಪನಿಯ ಟಾಮಿ ರಾಕ್‌ವೆಲ್‌ಗೆ ಹರ್ಟ್ ಹೆಸರು ಹೇಳಿದ್ದು ಈ ನಾರ್ಮರೇ.

1928ರ ಫೆಬ್ರುವರಿ 14ರಂದು ಮೆಂಫಿಸ್‌ನಲ್ಲಿ ಮೊದಲ ಧ್ವನಿಮುದ್ರಣ. ಆ ದಿನವನ್ನು ಹರ್ಟ್ ಮುಂದೆ ನೆನೆಸಿಕೊಂಡಿದ್ದಾನೆ. ದೊಡ್ಡ ಹಾಲ್, ಒಳಗಿದ್ದದ್ದು ಬರೀ ಮೂರು ಜನ. ಕುರ್ಚಿ ಮೇಲೆ ಕೂರಿಸಿ ಮೈಕನ್ನು ಬಾಯಿಯ ಹತ್ತಿರಕ್ಕೇ ತಂದಿಟ್ಟರು. ಸರಿಯಾದ ಜಾಗ ಸಿಕ್ಕಿದ ಮೇಲೆ ತಲೆ ಒಂಚೂರೂ ಅಲ್ಲಾಡಬಾರದು ಎಂದರು. ಗಾಬರಿಯಲ್ಲಿ ಹಾಗೇ ಬಿಗಿಯಾಗಿ ಕೂತು ಹಾಡಿ, ಆಮೇಲೆ ಎಷ್ಟೋ ದಿನ ಕತ್ತು ನೋವು. ಆ ದಿನ ಎಂಟು ಹಾಡು ಮುದ್ರಿಸಿದರು, ಮಾರುಕಟ್ಟೆಗೆ ಬಂದದ್ದು ಎರಡೇ: 'ಫ್ರ್ಯಾಂಕಿ' ಮತ್ತು 'ನೋಬಡೀಸ್ ಡರ್ಟಿ ಬಿಸಿನೆಸ್'. 'ಫ್ರ್ಯಾಂಕಿ' ಒಮ್ಮೆ ಕೇಳಿ. ಆ ಗಿಟಾರಿನ ಓಟದಲ್ಲಿ ಗಾಬರಿಯ ಸುಳಿವೇ ಇಲ್ಲ, ಅಲ್ವಾ?

ಡಿಸೆಂಬರ್‌ನಲ್ಲಿ ನ್ಯೂಯಾರ್ಕಿಗೆ ಕರೆಸಿದರು. 21 ಮತ್ತು 28ರಂದು ಮುದ್ರಣ. ಅಷ್ಟು ದೊಡ್ಡ ಊರಿನಲ್ಲಿ ಒಬ್ಬನೇ, ಹಬ್ಬದ ದಿನಗಳು ಬೇರೆ. ಮನೆ ನೆನಪಾಗಿ ಅಲ್ಲೇ ಕಟ್ಟಿದ ಹಾಡು 'ಅವಲಾನ್ ಬ್ಲೂಸ್'. ನನ್ನ ಊರು ಅವಲಾನ್, ಅದು ಯಾವಾಗಲೂ ನನ್ನ ಮನಸ್ಸಿನಲ್ಲಿರುತ್ತದೆ, ಇಷ್ಟೇ ಅದರ ಭಾವ. ಈ ಹಾಡನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಸರಿನ ಹಿಂದೆ 'ಮಿಸಿಸಿಪ್ಪಿ' ಸೇರಿಸಿದ್ದು ಮಾರಾಟಕ್ಕೆ ಅನುಕೂಲ ಅಂತ ಕಂಪನಿಯವರು. ಮಾರಾಟ ಅಷ್ಟಕ್ಕಷ್ಟೇ. ಮರುವರ್ಷ ಆರ್ಥಿಕ ಕುಸಿತ ಬಂತು, ರೆಕಾರ್ಡ್ ಕೊಳ್ಳುವವರೇ ಇಲ್ಲವಾದರು. ಹರ್ಟ್ ಊರಿಗೆ ಮರಳಿ ಮತ್ತೆ ಹೊಲಕ್ಕಿಳಿದ. ಆ ವರ್ಷದ ಮುದ್ರಣಗಳಲ್ಲಿ ಇವತ್ತು ನಮಗೆ ಕೇಳಲು ಉಳಿದಿರುವುದು 13 ಹಾಡು.

ಕೈ ಏನು ಮಾಡುತ್ತಿದೆ?

ಗಿಟಾರ್ ಇದ್ದವರು ಇಲ್ಲಿ ಅದನ್ನು ತೊಡೆ ಮೇಲಿಟ್ಟುಕೊಂಡು ಓದಿ. ಇಲ್ಲದವರು ಬೆರಳನ್ನು ಮೇಜಿನ ಮೇಲೆ ಆಡಿಸಿದರೂ ಸಾಕು.

ಹರ್ಟ್ ಬಲಗೈಯ ಮೂರು ಬೆರಳು ಬಳಸುತ್ತಾನೆ. ಹೆಬ್ಬೆರಳಿಗೆ ದಪ್ಪ ತಂತಿಗಳು. ತೋರುಬೆರಳಿಗೂ ನಡುಬೆರಳಿಗೂ ತೆಳು ತಂತಿಗಳು. ಉಳಿದೆರಡು ಬೆರಳು ಗಿಟಾರಿನ ಹಲಗೆ ಮೇಲೆ ಊರಿರುತ್ತವೆ. ಹೆಬ್ಬೆರಳು ಪ್ರತಿ ಪೆಟ್ಟಿಗೂ ಒಂದು ತಂತಿ ಮೀಟಲೇಬೇಕು, ಅದೂ ಒಂದೇ ತಂತಿಯನ್ನಲ್ಲ, ಎರಡರ ನಡುವೆ ಅದಲು ಬದಲು. ಎಡಗೈಯಲ್ಲಿ ಸಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿಯಿರಿ. ತಂತಿಗಳ ಎಣಿಕೆ ತೆಳುವಿನಿಂದ ದಪ್ಪಕ್ಕೆ. ಒಂದನೇ ಪೆಟ್ಟಿಗೆ 5ನೇ ತಂತಿ, ಎರಡಕ್ಕೆ 4ನೇದು, ಮೂರಕ್ಕೆ ಮತ್ತೆ 5, ನಾಲ್ಕಕ್ಕೆ 4. ಬೇರೇನೂ ಬೇಡ, ಇಷ್ಟನ್ನೇ ಹತ್ತು ನಿಮಿಷ.

ಈಗ ತೋರುಬೆರಳಿಗೆ 2ನೇ ತಂತಿ ಕೊಡಿ. ಮೊದಲು ಹೆಬ್ಬೆರಳಿನ ಜೊತೆಗೇ, ಒಂದನೇ ಪೆಟ್ಟಿನ ಮೇಲೆ, ಚಿವುಟಿದ ಹಾಗೆ ಎರಡೂ ಒಟ್ಟಿಗೆ. ಇದು ಸುಲಭ. ಮುಂದಿನದು ಕಷ್ಟ: ಎರಡಕ್ಕೂ ಮೂರಕ್ಕೂ ನಡುವೆ ಆ ತಂತಿ ಮೀಟಿ. ತಾಳದ ಪೆಟ್ಟಿನ ಮೇಲಲ್ಲ, ಎರಡು ಪೆಟ್ಟಿನ ನಡುವಿನ ಸಂದಿಯಲ್ಲಿ. ಕರ್ನಾಟಕ ಸಂಗೀತ ಗೊತ್ತಿದ್ದವರು ಕೈಯಲ್ಲಿ ಆದಿತಾಳ ಹಾಕಿಕೊಂಡು ಅರ್ಧ ಅಕ್ಷರ ಬಿಟ್ಟು ಹಾಡು ಎತ್ತುವುದನ್ನು ನೆನೆಸಿಕೊಳ್ಳಿ. ಇಲ್ಲಿ ತಾಳ ಹಾಕುವ ಕೈಯೂ ಹಾಡುವ ಕೈಯೂ ಒಂದೇ.

ನನ್ನ ಕೈ ಮಾಡಿದ ತಪ್ಪು ಹೇಳುತ್ತೇನೆ, ನಿಮ್ಮದೂ ಅದನ್ನೇ ಮಾಡಬಹುದು. ತೋರುಬೆರಳು ಸಂದಿಗೆ ಬಂದ ಕೂಡಲೇ ಹೆಬ್ಬೆರಳು ನಿಂತುಬಿಡುತ್ತದೆ, ದಾರಿ ಬಿಟ್ಟುಕೊಟ್ಟ ಹಾಗೆ. ಮೂರನೇ ಪೆಟ್ಟು ತಡವಾಗುತ್ತದೆ. ವಾರಗಟ್ಟಲೆ ಹಾಗೇ ಆಯಿತು. ಕೊನೆಗೆ ಹೆಬ್ಬೆರಳು ನುಡಿಸುತ್ತಾ ಮನೆಯವರ ಜೊತೆ ಮಾತಾಡೋದು ಅಭ್ಯಾಸ ಮಾಡಿದೆ. ಸುಮ್ನೆ ಏನಾದರೂ, ಅಡುಗೆ ಏನು, ಕರೆಂಟ್ ಯಾವಾಗ ಹೋಯ್ತು, ಇಂಥದ್ದು. ಮಾತಾಡುವಾಗಲೂ ಹೆಬ್ಬೆರಳು ನಿಲ್ಲದೆ ಹೋಗುವ ದಿನ ಬಂದಾಗ ಮಾತ್ರ ಉಳಿದ ಬೆರಳುಗಳಿಗೆ ಬಿಡುವು ಸಿಕ್ಕಿತು. ಹರ್ಟ್ ಹಾಡುವುದು ಮಾತಾಡಿದ ಹಾಗಿರುತ್ತದೆ ಅಂದೆನಲ್ಲ, ಅದರ ಗುಟ್ಟು ಆಗ ಹೊಳೆಯಿತು. ಹೆಬ್ಬೆರಳಿನ ಚಿಂತೆ ಅವನಿಗಿಲ್ಲ, ಅದಕ್ಕೇ ಬಾಯಿ ಅಷ್ಟು ಸಲೀಸು.

ಮೊದಲ ಪಾಠಕ್ಕೆ 'ಮೈ ಕ್ರಿಯೋಲ್ ಬೆಲ್' ಒಳ್ಳೆಯದು. 1900ರಲ್ಲಿ ಅಚ್ಚಾದ ಒಂದು ಬ್ಯಾಂಡ್ ಮಟ್ಟಿನಿಂದ ಬಂದ ಹಾಡು ಅದು. ಹಾಡಿನ ಸ್ವರ ಪೂರ್ತಿ ಗಿಟಾರಿನಲ್ಲೇ ಇದೆ, ಬಾಯಿ ಅದನ್ನು ಹಿಂಬಾಲಿಸುತ್ತದೆ. 'ಸ್ಪೈಕ್ ಡ್ರೈವರ್ ಬ್ಲೂಸ್' ಇನ್ನೊಂದು. ಅದು ಹೆಚ್ಚುಕಮ್ಮಿ ಒಂದೇ ಕಾರ್ಡಿನ ಮೇಲೆ ನಿಂತಿದೆ. ಅದಕ್ಕೇ ಎಡಗೈಗೆ ಕೆಲಸ ಕಡಿಮೆ, ಬಲಗೈಯನ್ನು ಚೆನ್ನಾಗಿ ಗಮನಿಸಬಹುದು.

ಲಾವಣಿಯ ಕಿವಿಯಿಂದ ಕೇಳಿ

ಹರ್ಟ್‌ನನ್ನು ಬರೀ ಬ್ಲೂಸ್ ಗಾಯಕ ಅಂದರೆ ಪೂರ್ತಿ ಸರಿಯಲ್ಲ. ಬ್ಲೂಸ್, ರ‍್ಯಾಗ್‌ಟೈಮ್ (ಪೆಟ್ಟಿನ ಸಂದಿಯಲ್ಲಿ ಸ್ವರ ಬೀಳುವ ಹಳೇ ಕುಣಿತದ ಸಂಗೀತ), ದೇವರ ಹಾಡು, ಕತೆಯ ಹಾಡು ಎಲ್ಲವೂ ಅವನ ಚೀಲದಲ್ಲಿವೆ. ಅವನ ಎಷ್ಟೋ ಹಾಡು ಬ್ಲೂಸಿಗೆ ಮಾಮೂಲಿಯಾದ ಹನ್ನೆರಡು ತಾಳಾವರ್ತದ, ಅಂದರೆ ಹನ್ನೆರಡು ಬಾರ್‌ಗಳ ಲೆಕ್ಕಕ್ಕೂ ಸಿಗುವುದಿಲ್ಲ.

ಕತೆಯ ಹಾಡುಗಳನ್ನು ನಮ್ಮ ಲಾವಣಿ ಕೇಳುವ ಕಿವಿಯಿಂದ ಕೇಳಿದರೆ ಬೇಗ ಹತ್ತಿರವಾಗುತ್ತವೆ. 'ಸ್ಟ್ಯಾಕ್ ಓ ಲೀ'ಯಲ್ಲಿ ಒಂದು ಟೋಪಿಗಾಗಿ ಕೊಲೆ. 'ಫ್ರ್ಯಾಂಕಿ'ಯಲ್ಲಿ ಮೋಸ ಮಾಡಿದ ಗಂಡಿಗೆ ಗುಂಡೇಟು. 'ಲೂಯಿಸ್ ಕಾಲಿನ್ಸ್' ಇವೆಲ್ಲಕ್ಕಿಂತ ಬೇರೆ. ಒಬ್ಬ ಮನುಷ್ಯ ಕೊಲೆಯಾದದ್ದನ್ನು ಜನ ಮಾತಾಡುವುದು ಕೇಳಿ ತಾನೇ ಕಟ್ಟಿದ್ದು ಎಂದು ಹರ್ಟ್ ಹೇಳಿದ್ದಾನೆ. ಅಳುವ ತಾಯಿಯಿಂದ ಹಾಡು ಶುರುವಾಗುತ್ತದೆ. ದೇವದೂತರು ಅವನನ್ನು ಮಲಗಿಸಿದರು ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಮಟ್ಟು ಮಾತ್ರ ಜೋಗುಳದಷ್ಟು ಹಿತ. ಕೊಂದವರ ಮೇಲೆ ಸಿಟ್ಟಿಲ್ಲ, ಸತ್ತವನ ಮೇಲೆ ಮಮತೆ ಇದೆ. ನನಗೆ ಅವನ ಎಲ್ಲ ಹಾಡುಗಳಲ್ಲಿ ಇದೇ ಹೆಚ್ಚು.

ಮೂರನೇ ಅಂಚೆಪೆಟ್ಟಿಗೆ

1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕ ಹಳೇ ರೆಕಾರ್ಡ್‌ಗಳ ಒಂದು ದೊಡ್ಡ ಸಂಕಲನ ತಂದ. ಅದರಲ್ಲಿ ಹರ್ಟ್‌ನ ಎರಡು ಹಾಡು ಇದ್ದವು. ಉತ್ತರದ ನಗರಗಳ ಯುವಕರು ಅವನ್ನು ಕೇಳಿ ಮರುಳಾದರು. ಹಾಡಿದವನು ಬದುಕಿದ್ದಾನೆಂದು ಹೆಚ್ಚಿನವರು ಅಂದುಕೊಂಡಿರಲಿಲ್ಲ.

ವಾಷಿಂಗ್ಟನ್ನಿನ ರೆಕಾರ್ಡ್ ಸಂಗ್ರಾಹಕ ಡಿಕ್ ಸ್ಪಾಟ್ಸ್‌ವುಡ್ ಕೈಗೆ 'ಅವಲಾನ್ ಬ್ಲೂಸ್' ಟೇಪ್ ಬಂತು. ನನ್ನ ಊರು ಅವಲಾನ್ ಅಂತ ಹಾಡಿನಲ್ಲೇ ಇದೆಯಲ್ಲ! ಹೊಸ ನಕ್ಷೆಗಳಲ್ಲಿ ಮಿಸಿಸಿಪ್ಪಿಯ ಅವಲಾನ್ ಇರಲಿಲ್ಲ. 1878ರ ಹಳೇ ಅಟ್ಲಾಸಿನಲ್ಲಿ ಸಿಕ್ಕಿತು. 1963ರಲ್ಲಿ ಅವನ ಗೆಳೆಯ ಟಾಮ್ ಹಾಸ್ಕಿನ್ಸ್ ಎಂಬ ಯುವಕ ಕಾರು ಹತ್ತಿ ಹೊರಟ. ಅವಲಾನ್‌ನ ಅಂಗಡಿಯ ಮುಂದೆ ನಿಲ್ಲಿಸಿ ವಿಚಾರಿಸಿದ. ಗುಡ್ಡದ ದಾರಿಯಲ್ಲಿ ಮೂರನೇ ಅಂಚೆಪೆಟ್ಟಿಗೆ ಅಂದರು.

ಎಪ್ಪತ್ತರ ಆಸುಪಾಸಿನ ಹರ್ಟ್ ಎದುರಿಗೆ ಬಂದ. ಮೊದಲು ಹೆದರಿದ. ಬಂದವನು ಎಫ್‌ಬಿಐನವನಿರಬೇಕು ಅಂದುಕೊಂಡ. ಇದನ್ನು ತಮಾಷೆಯ ಪ್ರಸಂಗವೆಂದು ಹೇಳುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಆ ವರ್ಷದ ಮಿಸಿಸಿಪ್ಪಿ ಹೇಗಿತ್ತು ನೋಡಿ. ಜೂನ್ ತಿಂಗಳಲ್ಲಿ ನಾಗರಿಕ ಹಕ್ಕುಗಳ ನಾಯಕ ಮೆಡ್ಗರ್ ಎವರ್ಸ್ ತನ್ನ ಮನೆ ಮುಂದೆಯೇ ಗುಂಡಿಗೆ ಬಲಿಯಾದ. ಅಂಥ ನಾಡಿನಲ್ಲಿ ಗುರುತಿಲ್ಲದ ಬಿಳಿಯನೊಬ್ಬ ಹೆಸರು ಹಿಡಿದು ಹುಡುಕಿಕೊಂಡು ಬಂದರೆ ಕರಿಯ ರೈತ ಹೆದರದೆ ಇನ್ನೇನು ಮಾಡಬೇಕು?

ಹರ್ಟ್ ಹತ್ತಿರ ಆಗ ಗಿಟಾರೇ ಇರಲಿಲ್ಲ. ಹಾಸ್ಕಿನ್ಸ್ ತನ್ನದನ್ನು ಕೊಟ್ಟ. ಬೆರಳು ಸ್ವಲ್ಪ ಬಿಗಿದುಕೊಂಡಿದ್ದವು, ಆದರೆ ನುಡಿಸಾಣಿಕೆ ಅದೇ.

ಜುಲೈನಲ್ಲೇ ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆ. ಆಮೇಲೆ ಹೆಂಡತಿ ಜೆಸ್ಸಿಯ ಜೊತೆ ವಾಷಿಂಗ್ಟನ್‌ನಲ್ಲಿ ವಾಸ, ಕಾಫಿಹೌಸ್‌ಗಳಲ್ಲಿ ಕಾರ್ಯಕ್ರಮ, ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಧ್ವನಿಮುದ್ರಣ, ಹೊಸ ಆಲ್ಬಂಗಳು. ನ್ಯೂಪೋರ್ಟ್‌ನವರು ಗಿಟಾರ್ ಕೊಡಿಸುತ್ತೇವೆ ಅಂದಾಗ ಅವನು ಆರಿಸಿಕೊಂಡದ್ದು ಗಿಲ್ಡ್ ಕಂಪನಿಯ ಎಫ್-30. ಅವನ 'ಕಾಫಿ ಬ್ಲೂಸ್' ಹಾಡಿನ ಎರಡು ಪದದಿಂದಲೇ ಲವಿನ್ ಸ್ಪೂನ್‌ಫುಲ್ ಎಂಬ ಜನಪ್ರಿಯ ತಂಡಕ್ಕೆ ಹೆಸರು ಬಂತು. ಎಲ್ಲ ಸೇರಿ ಮೂರೇ ವರ್ಷ. ಕೊನೆಗೆ ಮಿಸಿಸಿಪ್ಪಿಗೇ ಮರಳಿದ. 1966ರ ನವೆಂಬರ್ 2ರಂದು ಅಲ್ಲಿನ ಗ್ರೆನೇಡಾ ಪಟ್ಟಣದಲ್ಲಿ ಹೃದಯಾಘಾತದಿಂದ ತೀರಿಕೊಂಡ. ಅವನ ಪುಟ್ಟ ಮನೆಯನ್ನು ಮೊಮ್ಮಗಳು ಮ್ಯೂಸಿಯಂ ಮಾಡಿದ್ದಳು. 2024ರ ಫೆಬ್ರುವರಿಯಲ್ಲಿ ಅದು ಸುಟ್ಟುಹೋಯಿತು. ಆ ಸುದ್ದಿ ಓದಿದ ದಿನ ನನಗೆ ಗಿಟಾರ್ ಮುಟ್ಟಲು ಮನಸ್ಸಾಗಲಿಲ್ಲ.

ಮುಂದಿನ ಸಲ ಸೇರುವ ಮುಂಚೆ ಒಂದು ಕೆಲಸ ಮಾಡಿ. 1928ರ 'ಲೂಯಿಸ್ ಕಾಲಿನ್ಸ್' ಹಾಕಿ, ಅದರ ಹಿಂದೆಯೇ 60ರ ದಶಕದಲ್ಲಿ ಅವನು ಹಾಡಿದ ಅದೇ ಹಾಡು ಹಾಕಿ. ದನಿ ಮುದಿಯಾಗಿದೆ, ಉಸಿರು ತುಸು ಜಾಸ್ತಿ ಕೇಳಿಸುತ್ತದೆ. ಹಾಡಿನ ಮಾತು ಬಿಟ್ಟು ಬರೀ ದಪ್ಪ ತಂತಿಗಳಿಗೆ ಕಿವಿ ಕೊಡಿ, ಬೆರಳಿನಲ್ಲಿ ತೊಡೆ ಮೇಲೆ ತಟ್ಟುತ್ತಾ ಎಣಿಸಿ. ಎಲ್ಲಾದರೂ ಹೆಬ್ಬೆರಳು ನಿಂತಿತು ಅನ್ನಿಸಿದರೆ ಆ ಜಾಗ ಬರೆದುಕೊಂಡು ಬನ್ನಿ, ಒಟ್ಟಿಗೆ ಕೂತು ಮತ್ತೊಮ್ಮೆ ಕೇಳೋಣ.