ಬಟನ್‌ನಲ್ಲಿ ಐಕಾನ್ ಒಂದು ಕಡೆ, ಕನ್ನಡ ಪದ ಇನ್ನೊಂದು ಕಡೆ: ಸರಿಮಾಡುವುದು ಹೇಗೆ?

ಪ್ರಶ್ನೆ: ನಮ್ಮ ಆ್ಯಪ್‌ನಲ್ಲಿ ಪರದೆಯಷ್ಟು ಅಗಲದ ಬಟನ್ ಇದೆ. ಅದರಲ್ಲಿ ಒಂದು ಐಕಾನ್, ಪಕ್ಕದಲ್ಲಿ ಒಂದು ಪದ. ಪದ ನಡುವೆ ಇದೆ, ಐಕಾನ್ ಮಾತ್ರ ಎಡತುದಿಗೆ ಅಂಟಿಕೊಂಡಿದೆ. ಪ್ಯಾಡಿಂಗ್ (ಅಂಚಿನ ಒಳಗೆ ಬಿಡುವ ಖಾಲಿ ಜಾಗ) ಹಾಕಿ ಹೇಗೋ ಹತ್ತಿರ ತಂದೆವು. ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದ ಕೂಡಲೇ ಮತ್ತೆ ಕೆಟ್ಟಿತು. ಈಗ ಐಕಾನ್ ಪದಕ್ಕಿಂತ ಸ್ವಲ್ಪ ಕೆಳಗೆ ಜಾರಿದ ಹಾಗೂ ಕಾಣುತ್ತದೆ. ಏನು ಮಾಡಬೇಕು?

ಉತ್ತರ: ಇಲ್ಲಿ ಎರಡು ತೊಂದರೆಗಳು ಸೇರಿಕೊಂಡಿವೆ. ಐಕಾನ್ ಎಡತುದಿಗೆ ಹೋಗಿ ನಿಂತಿರುವುದು ಲೇಔಟ್‌ನ, ಅಂದರೆ ಪರದೆಯ ಭಾಗಗಳನ್ನು ಜೋಡಿಸುವ ರೀತಿಯ ತೊಂದರೆ. ಕೆಳಗೆ ಜಾರಿದ ಹಾಗೆ ಕಾಣುವುದು ಫಾಂಟ್‌ನ ತೊಂದರೆ. ಎರಡನ್ನೂ ಪ್ಯಾಡಿಂಗ್‌ನಿಂದಲೇ ಸರಿಮಾಡಲು ಹೋದರೆ ಒಂದು ಸರಿಯಾದಾಗ ಇನ್ನೊಂದು ಕೆಡುತ್ತದೆ. ಹಾಗಾಗಿ ಈವರೆಗೆ ಹಾಕಿದ ಪ್ಯಾಡಿಂಗ್‌ಗಳನ್ನೆಲ್ಲ ಮೊದಲು ತೆಗೆದುಬಿಡಿ.

ಯಾವ ತೊಂದರೆ ಎಲ್ಲಿಂದ ಬಂತು ಎಂದು ಕಂಡುಹಿಡಿಯಲು ಆಂಡ್ರಾಯ್ಡ್ ಫೋನಿನಲ್ಲೇ ಒಂದು ದಾರಿ ಇದೆ. ಡೆವಲಪರ್ ಆಪ್ಷನ್ಸ್ ಒಳಗೆ ‘ಶೋ ಲೇಔಟ್ ಬೌಂಡ್ಸ್’ ಆನ್ ಮಾಡಿ. ಪರದೆಯ ಪ್ರತಿಯೊಂದು ಭಾಗದ ಸುತ್ತ ಗೆರೆ ಬರುತ್ತದೆ. ಐಕಾನ್ ಮತ್ತು ಪದ ಬೇರೆ ಬೇರೆ ಭಾಗಗಳಾಗಿದ್ದರೆ ಎರಡರ ಚೌಕಟ್ಟೂ ಕಾಣುತ್ತದೆ. ಚೌಕಟ್ಟುಗಳ ನಡುಭಾಗವೇ ಒಂದೇ ಮಟ್ಟದಲ್ಲಿ ಇಲ್ಲ ಎಂದರೆ ತಪ್ಪು ಲೇಔಟ್‌ನಲ್ಲಿದೆ. ಚೌಕಟ್ಟುಗಳು ಸರಿಯಾಗಿದ್ದೂ ಕಣ್ಣಿಗೆ ಓರೆ ಕಂಡರೆ ಫಾಂಟನ್ನು ನೋಡಬೇಕು, ಇಲ್ಲವೇ ಐಕಾನ್ ಫೈಲನ್ನು ನೋಡಬೇಕು. ಈ ಪರೀಕ್ಷೆ ಮಾಡದೆ ಸುಮ್ನೆ ಒಂದೊಂದು ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಘಟಕ) ಸರಿಸುತ್ತಾ ಕೂತರೆ ದಿನವೇ ಹೋಗುತ್ತದೆ.

ಮೊದಲು ಎಡತುದಿಯ ವಿಷಯ. ಆಂಡ್ರಾಯ್ಡ್‌ನ ಹಳೆಯ ಬಟನ್ ಅಂದರೆ ಒಳಗೆ ಒಂದು ಟೆಕ್ಸ್ಟ್‌ವ್ಯೂ (ಪದ ತೋರಿಸುವ ಭಾಗ) ಅಷ್ಟೇ. ಅದಕ್ಕೆ ‘ಡ್ರಾಯೆಬಲ್ ಸ್ಟಾರ್ಟ್’ ಕೊಟ್ಟು ಐಕಾನ್ ಹಾಕಿದರೆ, ಅದು ಐಕಾನನ್ನು ಬಟನ್‌ನ ಅಂಚಿನಲ್ಲಿ ಇಡುತ್ತದೆ. ಪದದ ಪಕ್ಕದಲ್ಲಿ ಇಡುವುದಿಲ್ಲ. ಉಳಿದ ಜಾಗದ ನಡುವೆ ಪದ ಕೂರುತ್ತದೆ. ಬಟನ್ ಪದದಷ್ಟೇ ಅಗಲ ಇದ್ದಾಗ ಇದು ಗೊತ್ತಾಗುವುದಿಲ್ಲ. ಬಟನ್ ಪರದೆಯಗಲ ಆದಾಗ ಇಬ್ಬರ ನಡುವೆ ದೊಡ್ಡ ಬಯಲು. ಇನ್ನೊಂದು ಸೂಕ್ಷ್ಮ ಇದೆ: ಪದ ನಡುವೆ ಇದೆ ಎಂದು ನಿಮಗೆ ಅನ್ನಿಸಿದರೂ ಅದು ಬಟನ್‌ನ ನಿಜವಾದ ನಡುವಿನಲ್ಲಿ ಇಲ್ಲ. ಐಕಾನ್ ಮತ್ತು ಅದರ ಪಕ್ಕದ ಅಂತರ ತಿಂದ ಜಾಗದ ಅರ್ಧದಷ್ಟು ಬಲಕ್ಕೆ ಸರಿದಿರುತ್ತದೆ.

ಇದಕ್ಕೆ ಎಡಕ್ಕೂ ಬಲಕ್ಕೂ ದೊಡ್ಡ ಪ್ಯಾಡಿಂಗ್ ಕೊಟ್ಟು ಹತ್ತಿರ ತರುವುದು ಬಹಳ ಕಡೆ ಕಾಣುವ ಉಪಾಯ. ಆ ಅಂಕಿ ಒಂದು ಫೋನಿಗೆ, ಒಂದು ಪದಕ್ಕೆ, ಒಂದು ಅಕ್ಷರದ ಗಾತ್ರಕ್ಕೆ ಮಾತ್ರ ಸರಿ. ಇಂಗ್ಲಿಷಿನಲ್ಲಿ ‘ಶೇರ್’ ಎಂಬ ಪುಟ್ಟ ಪದ ಇದ್ದ ಕಡೆ ಕನ್ನಡದಲ್ಲಿ ‘ಹಂಚಿಕೊಳ್ಳಿ’ ಬರುತ್ತದೆ. ‘ಪೇ’ ಇದ್ದ ಕಡೆ ‘ಪಾವತಿಸಿ’ ಬರುತ್ತದೆ. ನಿಮ್ಮ ಬಟನ್ ಭಾಷೆ ಬದಲಾದ ಕೂಡಲೇ ಕೆಟ್ಟಿದ್ದು ಇದಕ್ಕೇ.

ಸರಿಯಾದ ದಾರಿ ಒಂದೇ. ಐಕಾನ್ ಮತ್ತು ಪದವನ್ನು ಒಂದು ಜೋಡಿ ಎಂದು ನೋಡಬೇಕು, ಆ ಜೋಡಿಯನ್ನು ಬಟನ್‌ನ ನಡುವೆ ಇಡಬೇಕು. ಇಬ್ಬರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ, ಬೆಂಚನ್ನು ಕೋಣೆಯ ನಡುವೆ ಇಟ್ಟ ಹಾಗೆ. ಆಮೇಲೆ ಪದ ಎಷ್ಟೇ ಉದ್ದವಾದರೂ ಕೋಣೆ ಎಷ್ಟೇ ಅಗಲವಾದರೂ ಚಿಂತೆ ಇಲ್ಲ.

ಆಂಡ್ರಾಯ್ಡ್‌ನಲ್ಲಿ ಪರದೆಗಳನ್ನು ಎಕ್ಸ್‌ಎಂಎಲ್ ಫೈಲುಗಳಲ್ಲಿ ಬರೆಯುತ್ತಿದ್ದರೆ ಹಳೆಯ ಬಟನ್ ಬಿಟ್ಟು ಗೂಗಲ್‌ನ ಮೆಟೀರಿಯಲ್ ಬಟನ್ ಹಾಕಿ. ಅದಕ್ಕೆ ಐಕಾನ್ ಕೊಡಲು ಬೇರೆಯೇ ಗುಣಲಕ್ಷಣ ಇದೆ, ಡ್ರಾಯೆಬಲ್ ಬೇಕಿಲ್ಲ. ಆದರೆ ಒಂದು ಎಚ್ಚರ: ಅದರ ‘ಐಕಾನ್ ಗ್ರಾವಿಟಿ’ಗೆ ನೀವು ಏನೂ ಹೇಳದಿದ್ದರೆ ‘ಸ್ಟಾರ್ಟ್’ ಇರುತ್ತದೆ, ಅಂದರೆ ಮತ್ತೆ ಎಡತುದಿಯೇ. ಅದನ್ನು ‘ಟೆಕ್ಸ್ಟ್ ಸ್ಟಾರ್ಟ್’ ಎಂದು ಬದಲಾಯಿಸಿ. ಐಕಾನ್ ಪದದ ಪಕ್ಕಕ್ಕೆ ಬರುತ್ತದೆ, ಜೋಡಿ ನಡುವೆ ಕೂರುತ್ತದೆ. ಬಹಳ ಜನರಿಗೆ ಇಷ್ಟೇ ಸಾಕು. ಆಂಡ್ರಾಯ್ಡ್ ಪರದೆ ಕಟ್ಟುವ ಹೊಸ ವಿಧಾನವಾದ ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಬಟನ್‌ನ ಒಳಗೆ ಮೊದಲೇ ಒಂದು ‘ರೋ’ (ಅಡ್ಡ ಸಾಲು) ಇರುವುದರಿಂದ ಐಕಾನ್, ಅಂತರ, ಪದ ಮೂರನ್ನು ಸಾಲಾಗಿ ಬರೆದರೆ ಮುಗಿಯಿತು. ಆ್ಯಪ್ ಕಟ್ಟಲು ಫ್ಲಟರ್, ರಿಯಾಕ್ಟ್ ನೇಟಿವ್ ಎಂಬ ಬೇರೆ ಸಾಧನಗಳೂ ಇವೆ. ಫ್ಲಟರ್‌ನಲ್ಲಿ ಬಟನ್‌ಗಳ ಹೆಸರಿನ ಮುಂದೆ ‘ಡಾಟ್ ಐಕಾನ್’ ಇರುವ ರೂಪ ಬಳಸಿ. ರಿಯಾಕ್ಟ್ ನೇಟಿವ್‌ನಲ್ಲಿ ಸಾಲಿನ ದಿಕ್ಕನ್ನು ‘ರೋ’ ಮಾಡಿ, ಎರಡೂ ದಿಕ್ಕಿಗೆ ‘ಸೆಂಟರ್’ ಕೊಡಿ. 2023ರಲ್ಲಿ ಬಂದ 0.71ನೇ ಆವೃತ್ತಿಯಿಂದ ಅಂತರಕ್ಕೆ ‘ಗ್ಯಾಪ್’ ಕೂಡ ಸಿಗುತ್ತದೆ, ಮಾರ್ಜಿನ್ ಬೇಕಾಗಿಲ್ಲ.

ಐಫೋನ್‌ನಲ್ಲಿ ತೊಂದರೆ ಬೇರೆ ಥರ. ಅಲ್ಲಿನ ಬಟನ್ ಮೊದಲಿನಿಂದಲೂ ಜೋಡಿಯನ್ನೇ ನಡುವೆ ಇಡುತ್ತದೆ. ಇಬ್ಬರ ನಡುವೆ ಅಂತರ ಕೊಡುವುದೇ ಕಷ್ಟವಾಗಿತ್ತು. ಜನ ‘ಎಡ್ಜ್ ಇನ್‌ಸೆಟ್’ಗಳನ್ನು ಎಳೆದಾಡುತ್ತಿದ್ದರು. ಪದದ ಇನ್‌ಸೆಟ್ ಬದಲಾಯಿಸಿದರೂ ಬಟನ್ ತನ್ನ ಅಗಲದ ಲೆಕ್ಕಕ್ಕೆ ಅದನ್ನು ಸೇರಿಸುವುದಿಲ್ಲ. ಹಾಗಾಗಿ ಪದದ ಕೊನೆ ಮೂರು ಚುಕ್ಕಿಯಾಗಿ ಕತ್ತರಿಸಿ ಹೋಗುತ್ತಿತ್ತು. 2021ರ ಐಒಎಸ್ 15ರಲ್ಲಿ ಆಪಲ್ ಆ ದಾರಿಯನ್ನು ಕೈಬಿಟ್ಟು ‘ಬಟನ್ ಕಾನ್ಫಿಗರೇಶನ್’ ತಂದಿತು. ‘ಇಮೇಜ್ ಪ್ಯಾಡಿಂಗ್’ ಅಂತರ ಹೇಳುತ್ತದೆ, ‘ಇಮೇಜ್ ಪ್ಲೇಸ್‌ಮೆಂಟ್’ ಯಾವ ಕಡೆ ಎಂದು ಹೇಳುತ್ತದೆ. ಹಳೆಯ ಉತ್ತರಗಳನ್ನು ನೋಡಿ ಇನ್‌ಸೆಟ್‌ಗಳನ್ನು ಹೊಸ ಕೋಡಿಗೆ ತರಬೇಡಿ.

ಅಂತರ ಎಷ್ಟಿರಬೇಕು? ಗೂಗಲ್‌ನ ವಿನ್ಯಾಸ ಮಾರ್ಗಸೂಚಿಯಾದ ಮೆಟೀರಿಯಲ್ 3 ಮೊದಲು ಕೊಟ್ಟ ಅಳತೆಗಳು ಈಗಲೂ ಒಳ್ಳೆಯ ಆರಂಭ: ಬಟನ್‌ನ ಎತ್ತರ 40 ಡಿಪಿ, ಐಕಾನ್ 18 ಡಿಪಿ, ಐಕಾನ್ ಮತ್ತು ಪದದ ನಡುವೆ 8 ಡಿಪಿ. ಐಕಾನ್ ಇರುವ ಬದಿಗೆ 16, ಪದ ಮುಗಿಯುವ ಬದಿಗೆ 24. ಎರಡೂ ಬದಿ ಯಾಕೆ ಸಮ ಇಲ್ಲ ಎಂದು ಕೇಳುತ್ತಾರೆ. ಐಕಾನ್‌ನ ಚೌಕಟ್ಟಿನೊಳಗೇ ಸುತ್ತ ಖಾಲಿ ಜಾಗ ಇರುತ್ತದೆ. ಬದಿಗಳನ್ನು ಸಮ ಮಾಡಿದರೆ ಜೋಡಿ ಬಲಕ್ಕೆ ವಾಲಿದ ಹಾಗೆ ಕಾಣುತ್ತದೆ. ಕಣ್ಣಿಗೆ ಸಮ ಕಾಣಬೇಕಾದರೆ ಅಂಕಿಯಲ್ಲಿ ವ್ಯತ್ಯಾಸ ಬೇಕು.

ಜೋಡಿಯನ್ನು ನಡುವೆ ಇಡುವ ನಿಯಮಕ್ಕೆ ಒಂದು ಹೊರತು ಇದೆ. ಲಾಗಿನ್ ಪರದೆಯಲ್ಲಿ ಮೂರು ನಾಲ್ಕು ಬಟನ್‌ಗಳು ಒಂದರ ಕೆಳಗೆ ಒಂದು ಇರುತ್ತವೆ, ಅಲ್ವಾ? ಫೋನ್ ನಂಬರ್, ಇಮೇಲ್, ಇನ್ನೊಂದು ಖಾತೆ ಹೀಗೆ. ಪ್ರತಿಯೊಂದರ ಪದದ ಉದ್ದ ಬೇರೆ. ಅಲ್ಲಿ ಪ್ರತಿ ಜೋಡಿಯನ್ನೂ ನಡುವೆ ಇಟ್ಟರೆ ಐಕಾನ್‌ಗಳು ಅಂಕುಡೊಂಕಾಗಿ ಕಾಣುತ್ತವೆ. ಅಂಥ ಕಡೆ ಐಕಾನ್‌ಗಳು ಎಡಗಡೆ ಒಂದೇ ನೇರ ಗೆರೆಯಲ್ಲಿ ನಿಲ್ಲಲಿ, ಪದಗಳೂ ಒಂದೇ ಗೆರೆಯಿಂದ ಶುರುವಾಗಲಿ. ಒಂಟಿ ಬಟನ್‌ಗೆ ಜೋಡಿ, ಬಟನ್‌ಗಳ ಸಾಲಿಗೆ ಕಂಬಸಾಲು.

ಈಗ ಮೇಲೆ ಕೆಳಗೆ ಜಾರುವ ವಿಷಯ. ಕನ್ನಡಕ್ಕೆ ಹೆಚ್ಚು ಗಮನ ಬೇಕಾದ ಜಾಗ ಇದು.

ಫೋನ್ ಪದವನ್ನು ನಡುವೆ ಇಡುವಾಗ ಅಕ್ಷರಗಳ ಆಕಾರ ನೋಡುವುದಿಲ್ಲ. ಫಾಂಟ್ ತನ್ನ ಬಗ್ಗೆ ಹೇಳಿಕೊಂಡಿರುವ ಎರಡು ಅಳತೆಗಳನ್ನು ನೋಡುತ್ತದೆ. ಅಕ್ಷರಗಳು ಕೂರುವ ಗೆರೆಯಿಂದ ಮೇಲಕ್ಕೆ ಎಷ್ಟು ಜಾಗ, ಕೆಳಕ್ಕೆ ಎಷ್ಟು ಜಾಗ. ಇವೆರಡೂ ಸೇರಿ ಒಂದು ಪೆಟ್ಟಿಗೆ. ಆ ಪೆಟ್ಟಿಗೆಯ ನಡುಭಾಗಕ್ಕೆ ಐಕಾನ್‌ನ ನಡುಭಾಗ ಹೊಂದುತ್ತದೆ. ಆಂಡ್ರಾಯ್ಡ್‌ನ ರೋಬೋಟೋ ಫಾಂಟಿನಲ್ಲಿ ಪೆಟ್ಟಿಗೆಯ ನಡು ಮತ್ತು ಇಂಗ್ಲಿಷ್ ದೊಡ್ಡಕ್ಷರದ ನಡು ಹೆಚ್ಚುಕಡಿಮೆ ಒಂದೇ ಕಡೆ ಬರುತ್ತವೆ. ಅದಕ್ಕೇ ಇಂಗ್ಲಿಷಿನಲ್ಲಿ ಏನೂ ಮಾಡದಿದ್ದರೂ ಚೆನ್ನಾಗಿ ಕಾಣುತ್ತದೆ.

ಕನ್ನಡದಲ್ಲಿ ಗೆರೆಯ ಕೆಳಗೆ ದೊಡ್ಡ ಸಂಸಾರವೇ ಇದೆ. ಒತ್ತಕ್ಷರಗಳು ಅಲ್ಲೇ ಇಳಿಯುತ್ತವೆ. ‘ರಾಷ್ಟ್ರೀಯ’ದಂಥ ಪದದಲ್ಲಿ ಒತ್ತಿನ ಜೊತೆ ಇನ್ನೊಂದು ಒತ್ತು. ಅವಕ್ಕೆಲ್ಲ ಜಾಗ ಇರಲಿ ಎಂದು ಕನ್ನಡ ಫಾಂಟುಗಳು ಕೆಳಗಡೆ ಜಾಸ್ತಿ ಜಾಗ ಇಟ್ಟುಕೊಳ್ಳುತ್ತವೆ. ‘ಉಳಿಸಿ’ ಎಂಬ ಪದದಲ್ಲಿ ಒತ್ತು ಇಲ್ಲ. ಕೆಳಗಿನ ಜಾಗ ಖಾಲಿ ಉಳಿಯುತ್ತದೆ, ಅಕ್ಷರಗಳು ಪೆಟ್ಟಿಗೆಯ ಮೇಲ್ಭಾಗದಲ್ಲಿ ಇರುತ್ತವೆ, ಐಕಾನ್ ಕೆಳಗೆ ಜಾರಿದ ಹಾಗೆ ಕಾಣುತ್ತದೆ. ‘ಹಂಚಿಕೊಳ್ಳಿ’ ಎಂದು ಬರೆದರೆ ಅದೇ ಜಾಗ ತುಂಬಿಕೊಂಡು ಎಲ್ಲ ಸರಿ ಇದ್ದಂತೆ ತೋರುತ್ತದೆ. ಲೇಔಟ್ ಎರಡರಲ್ಲೂ ಒಂದೇ.

ಹಾಗಾದರೆ ಪ್ರತಿ ಪದದ ಆಕಾರ ಅಳೆದು ಅದರ ನಡುವಿಗೆ ಐಕಾನ್ ಇಡಬಹುದಲ್ಲ? ದಯವಿಟ್ಟು ಬೇಡ. ‘ಉಳಿಸಿ’ ಮತ್ತು ‘ಹಂಚಿಕೊಳ್ಳಿ’ ಬಟನ್‌ಗಳು ಅಕ್ಕಪಕ್ಕ ಇದ್ದರೆ ಒಂದರ ಪದ ಮೇಲೆ, ಇನ್ನೊಂದರ ಪದ ಕೆಳಗೆ ಹೋಗುತ್ತದೆ. ಅಕ್ಷರಗಳು ಕೂರುವ ಗೆರೆ ಪರದೆಯುದ್ದಕ್ಕೂ ಒಂದೇ ಇರಬೇಕು. ಸ್ವಲ್ಪ ಸರಿಸುವ ಅಗತ್ಯ ಇದ್ದೇ ಇದ್ದರೆ ಫಾಂಟಿಗೆ ಒಂದು ಸಲ ಸರಿಸಿ. ನಿಮ್ಮ ಆ್ಯಪ್‌ನ ಒಂದೇ ಬಟನ್ ಕಾಂಪೊನೆಂಟ್ ಒಳಗೆ ಆ ಅಂಕಿ ಇರಲಿ. ಪ್ರತಿ ಪರದೆಯಲ್ಲೂ ಬೇರೆ ಬೇರೆ ಅಂಕಿ ಹಾಕಬೇಡಿ.

ಕೆಳಗಿನ ಜಾಗವನ್ನೇ ಕಡಿಮೆ ಮಾಡಿಬಿಡುವ ಆಸೆ ಕೂಡ ಬರುತ್ತದೆ. ಅದು ಇನ್ನೂ ಅಪಾಯ. ಸಾಲಿನ ಎತ್ತರವನ್ನು ಬಿಗಿ ಮಾಡಿದರೆ ಒತ್ತು ಕತ್ತರಿಸಿ ಹೋಗುತ್ತದೆ. ‘ಹಳ್ಳಿ ಹುಡುಕಿ’ ಎಂಬ ಬಟನ್ ‘ಹಳಿ ಹುಡುಕಿ’ ಎಂದು ಓದಿಸಿಕೊಳ್ಳುತ್ತದೆ. ಒತ್ತು ಹೋದರೆ ಪದವೇ ಬದಲಾಗುತ್ತದೆ. ಐಕಾನ್ ಒಂದು ಡಿಪಿ ಓರೆ ಇದ್ದರೂ ಪರವಾಗಿಲ್ಲ, ಒತ್ತು ಕಾಣಲೇಬೇಕು.

ಆಂಡ್ರಾಯ್ಡ್ ತಾನೇ ಬಹಳ ಕಾಲ ಈ ರಾಜಿ ಮಾಡಿಕೊಂಡಿತ್ತು. ಇಂಗ್ಲಿಷಿಗೆ ಮಾಡಿದ ಲೇಔಟ್‌ಗಳು ಒಡೆಯದಿರಲಿ ಎಂದು ಕನ್ನಡದಂಥ ಎತ್ತರದ ಲಿಪಿಗಳಿಗೆ ಒತ್ತಿ ಚಿಕ್ಕದು ಮಾಡಿದ ಫಾಂಟ್ ಬಳಸುತ್ತಿತ್ತು. ‘ಎಲಿಗೆಂಟ್ ಟೆಕ್ಸ್ಟ್ ಹೈಟ್’ ಎಂಬ ಆಯ್ಕೆ ಆನ್ ಮಾಡಿದರೆ ಮಾತ್ರ ಸರಿಯಾದ ಎತ್ತರದ ಅಕ್ಷರ. ಆಂಡ್ರಾಯ್ಡ್ 15ಕ್ಕೆ ಟಾರ್ಗೆಟ್ ಮಾಡಿದ (ಆ ಆವೃತ್ತಿಗೆ ತಕ್ಕಂತೆ ಮಾಡಿದ್ದೆಂದು ಘೋಷಿಸಿದ) ಆ್ಯಪ್‌ಗಳಲ್ಲಿ ಈ ಆಯ್ಕೆ ತಾನಾಗಿಯೇ ಆನ್ ಇರುತ್ತದೆ. ಆಂಡ್ರಾಯ್ಡ್ 16ಕ್ಕೆ ಟಾರ್ಗೆಟ್ ಮಾಡಿದರೆ ಆಫ್ ಮಾಡುವ ದಾರಿಯೇ ಇಲ್ಲ. ಲೇಔಟ್ ಪರೀಕ್ಷಿಸಿಕೊಳ್ಳಿ ಎಂದು ಗೂಗಲ್ ಎಚ್ಚರಿಸಿರುವ ಲಿಪಿಗಳ ಪಟ್ಟಿಯಲ್ಲಿ ತಮಿಳು, ತೆಲುಗು, ಮಲಯಾಳಂ ಜೊತೆಗೆ ಕನ್ನಡವೂ ಇದೆ. ಕನ್ನಡ ಓದುವವರಿಗೆ ಇದು ನಿಜವಾಗಿಯೂ ಒಳ್ಳೆಯ ಸುದ್ದಿ. ನಮ್ಮ ಅಕ್ಷರಗಳಿಗೆ ಅವುಗಳ ಪೂರ್ತಿ ಎತ್ತರ ಸಿಕ್ಕಿತು. ಆದರೆ ನಿಮ್ಮ ಬಟನ್‌ಗೆ 40 ಡಿಪಿ ಎಂದು ಖಡಾಖಂಡಿತ ಎತ್ತರ ಕೊಟ್ಟಿದ್ದರೆ, ಟಾರ್ಗೆಟ್ ಬದಲಾಯಿಸಿದ ದಿನ ಅಕ್ಷರಗಳು ಇಕ್ಕಟ್ಟಿಗೆ ಸಿಗಬಹುದು.

ಹಾಗಾಗಿ ಎತ್ತರಕ್ಕೆ ‘ಹೈಟ್’ ಬೇಡ, ‘ಮಿನಿಮಮ್ ಹೈಟ್’ ಕೊಡಿ. ಬೆರಳು ತಾಗುವ ಜಾಗ ಆಂಡ್ರಾಯ್ಡ್‌ನಲ್ಲಿ ಕನಿಷ್ಠ 48 ಡಿಪಿ, ಐಫೋನ್‌ನಲ್ಲಿ 44 ಪಾಯಿಂಟ್ ಇರಲಿ. ಅದಕ್ಕಿಂತ ಜಾಸ್ತಿ ಬೇಕಾದರೆ ಬಟನ್ ತಾನೇ ಬೆಳೆಯಲಿ.

‘ಇನ್‌ಕ್ಲೂಡ್ ಫಾಂಟ್ ಪ್ಯಾಡಿಂಗ್’ ಬಗ್ಗೆಯೂ ಎರಡು ಮಾತು. ಹಳೆಯ ಟೆಕ್ಸ್ಟ್‌ವ್ಯೂನಲ್ಲಿ ಇದು ಆನ್ ಇರುತ್ತದೆ, ಪದದ ಮೇಲೆ ಕೆಳಗೆ ಇನ್ನಷ್ಟು ಜಾಗ ಸೇರಿಸುತ್ತದೆ. ಕಂಪೋಸ್ 1.6ರಿಂದ ಅದು ಆಫ್. ಒಂದೇ ಆ್ಯಪ್‌ನಲ್ಲಿ ಅರ್ಧ ಹಳೆಯ ಪರದೆ, ಅರ್ಧ ಕಂಪೋಸ್ ಪರದೆ ಇದ್ದರೆ ಒಂದೇ ಬಟನ್ ಎರಡು ಥರ ಕಾಣಲು ಇದು ಕಾರಣವಾಗಬಹುದು. ಕನ್ನಡಕ್ಕೆ ಆಫ್ ಮಾಡಿದ ಮೇಲೆ ಒತ್ತುಗಳು ಪೂರ್ತಿ ಕಾಣುತ್ತಿವೆಯೇ ಎಂದು ಹಳೆಯ ಫೋನಿನಲ್ಲೂ ನೋಡಿ. ‘₹499 ಪಾವತಿಸಿ’ ಥರದ ಪದಗಳನ್ನೂ ಪರೀಕ್ಷಿಸಿ. ಅಂಕಿಗಳು ಒಂದು ಫಾಂಟಿನಿಂದ, ಕನ್ನಡ ಅಕ್ಷರಗಳು ಇನ್ನೊಂದರಿಂದ ಬರುವ ಸಾಧ್ಯತೆ ಇಲ್ಲಿ ಹೆಚ್ಚು.

ಲೇಔಟ್, ಫಾಂಟ್ ಎರಡೂ ಸರಿ ಇದ್ದು ಇನ್ನೂ ಓರೆ ಕಂಡರೆ ಐಕಾನ್ ಫೈಲ್ ತೆರೆದು ನೋಡಿ. ಮೆಟೀರಿಯಲ್ ಐಕಾನ್‌ಗಳು 24 ಡಿಪಿ ಚೌಕಟ್ಟಿನಲ್ಲಿ ಇರುತ್ತವೆ. ಚಿತ್ರ ಒಳಗಿನ 20 ಡಿಪಿಯಲ್ಲಿ, ಸುತ್ತ 2 ಡಿಪಿ ಖಾಲಿ. ಡಿಸೈನ್ ಮಾಡುವವರು ಚೌಕಟ್ಟು ಬಿಟ್ಟು ಚಿತ್ರವನ್ನಷ್ಟೇ ಕತ್ತರಿಸಿ ಎಕ್ಸ್‌ಪೋರ್ಟ್ ಮಾಡಿದರೆ ಒಂದೊಂದು ಐಕಾನ್ ಒಂದೊಂದು ಅಳತೆ. ಅದನ್ನು ಕೋಡಿನಲ್ಲಿ ಸರಿಮಾಡಲು ಹೋಗಬೇಡಿ, ಚೌಕಟ್ಟಿನ ಸಮೇತ ಮತ್ತೆ ಕೇಳಿ. ‘ಪ್ಲೇ’ ತ್ರಿಕೋನ ಮಾತ್ರ ಸ್ವಲ್ಪ ಬೇರೆ. ಅದರ ತೂಕ ಎಡಗಡೆ ಇರುವುದರಿಂದ ಚೌಕಟ್ಟಿನೊಳಗೆ ತುಸು ಬಲಕ್ಕೆ ಸರಿಸಿದರೇ ನಡುವೆ ಇದ್ದ ಹಾಗೆ ಕಾಣುವುದು.

ಅಕ್ಷರ ದೊಡ್ಡದು ಮಾಡಿಕೊಂಡು ಓದುವ ಹಿರಿಯರನ್ನು ಮರೆಯಬೇಡಿ. 2023ರ ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಶೇಕಡಾ 200ರವರೆಗೆ ಹಿಗ್ಗಿಸಬಹುದು. ಪದ ಬೆಳೆಯುತ್ತದೆ, ಡಿಪಿಯಲ್ಲಿ ಅಳತೆ ಕೊಟ್ಟ ಐಕಾನ್ ಇದ್ದಷ್ಟೇ ಇರುತ್ತದೆ. ಐಕಾನ್‌ಗೂ ಅಕ್ಷರದ ಅಳತೆಯನ್ನೇ ಆಧಾರ ಮಾಡಿದರೆ ಎರಡೂ ಜೊತೆಗೆ ಬೆಳೆಯುತ್ತವೆ. ಆಪಲ್ 2019ರಲ್ಲಿ ತಂದ ಎಸ್‌ಎಫ್ ಸಿಂಬಲ್ಸ್ ಎಂಬ ಐಕಾನ್‌ಗಳು ಅಕ್ಷರದ ಹಾಗೆಯೇ ವರ್ತಿಸುವುದರಿಂದ ಅಲ್ಲಿ ಇದು ಸುಲಭ. ಅವು ಆಪಲ್‌ನ ಸ್ಯಾನ್ ಫ್ರಾನ್ಸಿಸ್ಕೋ ಫಾಂಟಿಗೆ ಹೊಂದಿಸಿ ಮಾಡಿದವು, ಹಾಗಾಗಿ ಕನ್ನಡದ ಪಕ್ಕ ಇಟ್ಟಾಗ ಗೆರೆಯ ದಪ್ಪ ಹೊಂದುತ್ತದೆಯೇ ಎಂದು ಕಣ್ಣಲ್ಲೇ ನೋಡಿ. ಪದ ಎರಡು ಸಾಲಾದರೆ ಆಗಲಿ. ಬಟನ್‌ನಲ್ಲಿ ಐಕಾನ್ ಎರಡೂ ಸಾಲಿನ ನಡುವೆ ನಿಲ್ಲಲಿ. ಚುಕ್ಕಿ ಹಾಕಿ ಪದ ಕತ್ತರಿಸುವುದಕ್ಕಿಂತ ಎರಡು ಸಾಲು ಎಷ್ಟೋ ಮೇಲು.

ಕೊನೆಗೆ ಎರಡು ಚಿಕ್ಕ ವಿಷಯ. ಪಕ್ಕದಲ್ಲಿ ಪದ ಇದ್ದಾಗ ಐಕಾನ್‌ಗೆ ಬೇರೆ ವಿವರಣೆ ಕೊಡಬೇಡಿ, ಕಂಪೋಸ್‌ನಲ್ಲಿ ಅದನ್ನು ‘ನಲ್’ ಬಿಡಿ. ಇಲ್ಲದಿದ್ದರೆ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುವವರಿಗೆ ‘ಹಂಚಿಕೊಳ್ಳಿ, ಹಂಚಿಕೊಳ್ಳಿ’ ಎಂದು ಎರಡು ಸಲ ಕೇಳಿಸುತ್ತದೆ. ಮತ್ತೆ, ಎಲ್ಲ ಕಡೆ ‘ಲೆಫ್ಟ್’, ‘ರೈಟ್’ ಬದಲು ‘ಸ್ಟಾರ್ಟ್’, ‘ಎಂಡ್’ ಬರೆಯಿರಿ. ಕರ್ನಾಟಕದಲ್ಲಿ ಉರ್ದು ಓದುವವರೂ ಇದ್ದಾರೆ. ನಾಳೆ ಆ ಭಾಷೆ ಸೇರಿಸಿದಾಗ ಐಕಾನ್ ತಾನೇ ಬಲಗಡೆಗೆ ಹೋಗಿ ಪದದ ಮುಂದೆ ನಿಲ್ಲುತ್ತದೆ. ಬಾಣದ ಗುರುತು ಇರುವ ಐಕಾನ್‌ಗಳನ್ನು ಮಾತ್ರ ತಿರುಗಿಸಲು ಹೇಳಬೇಕು, ವೆಕ್ಟರ್ ಫೈಲಿನಲ್ಲಿ ‘ಆಟೋ ಮಿರರ್ಡ್’ ಆನ್ ಮಾಡಿದರೆ ಅದೂ ಆಗುತ್ತದೆ.