ಬೆರಿ ಕೊಯ್ಲು: ತೂಕ ಹಾಕಬೇಕಾದದ್ದು ಆರಿಸಿದ ಮೇಲೆ

ಬೆರಿ ಬೆಳೆಯುವ ಸಣ್ಣ ತೋಟದಲ್ಲಿ ಸಾಮಾನ್ಯವಾಗಿ ಅತಿ ಹೆಚ್ಚು ದುಡ್ಡು ತಿನ್ನುವುದು ಕೊಯ್ಲಿನ ಕೂಲಿ. ಕೈಯಲ್ಲೇ ಬಿಡಿಸುವುದೋ, ಹಲ್ಲುಗಳಿರುವ ಕೈಬಾಚಣಿಗೆ ಕೊಳ್ಳುವುದೋ, ಗಿಡ ಅಲುಗಿಸಿ ಉದುರಿಸುವುದೋ ಎಂದು ತೀರ್ಮಾನಿಸುವಾಗ ಹೆಚ್ಚಿನವರು ಗಂಟೆಗೆ ಎಷ್ಟು ಕಿಲೋ ಕಿತ್ತೆವು ಎಂದಷ್ಟೇ ನೋಡುತ್ತಾರೆ. ಅಲ್ಲೇ ಲೆಕ್ಕ ತಪ್ಪುವುದು.

ಬ್ಲೂಬೆರಿಯನ್ನೇ ತೆಗೆದುಕೊಳ್ಳಿ. ಕೈಯಲ್ಲಿ ಬಿಡಿಸಿದರೆ ಗಂಟೆಗೆ 4 ಕಿಲೋ, ಬಾಚಣಿಗೆಯಲ್ಲಿ 15 ಕಿಲೋ ಸಿಕ್ಕಿತೆನ್ನೋಣ. ಆ 15 ಕಿಲೋದಲ್ಲಿ ಎಲೆ, ಹಸಿರು ಕಾಯಿ, ಜಜ್ಜಿದ ಹಣ್ಣು ಸೇರಿ 5 ಕಿಲೋ ಹೋಯಿತು, ಆರಿಸಲು ಎರಡು ಗಂಟೆ ಹಿಡಿಯಿತು. ಆಗ ಮೂರು ಗಂಟೆಗೆ 10 ಕಿಲೋ, ಅಂದರೆ ಗಂಟೆಗೆ 3.3 ಕಿಲೋ. ತಾಜಾ ಮಾರುವವರಿಗೆ ಕೈಯೇ ಅಗ್ಗ! ಅದೇ ಹಣ್ಣು ಜಾಮಿಗೆ ಹೋಗುವುದಾದರೆ ಜಜ್ಜಿದ್ದೂ ನಡೆಯುತ್ತದೆ. ಫ್ಯಾನ್ ಗಾಳಿಗೆ ಎಲೆ ಹಾರಿಸಿ, ಕಾಯಿ ತೆಗೆಯಲು ಅರ್ಧ ಗಂಟೆ ಸಾಕಾಗಿ 12 ಕಿಲೋ ಉಳಿದರೆ ಗಂಟೆಗೆ 8 ಕಿಲೋ ಆಯಿತು, ಬಾಚಣಿಗೆ ಗೆದ್ದಿತು. ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ತೋಟದಲ್ಲಿ ಒಂದೇ ಸಾಲನ್ನು ಎರಡು ಭಾಗ ಮಾಡಿ, ಎರಡೂ ವಿಧಾನದಲ್ಲಿ ಕೊಯ್ದು, ಆರಿಸಿದ ಮೇಲೆ ತೂಕ ಹಾಕಿ.

ಎಲ್ಲ ಬೆರಿಗೂ ಈ ಆಯ್ಕೆ ಇಲ್ಲ. ಸ್ಟ್ರಾಬೆರಿಗೆ ಕೈಯೇ ಗತಿ. ಹಣ್ಣು ಹಿಡಿದು ಎಳೆಯಬೇಡಿ. ಹೆಬ್ಬೆರಳು ಮತ್ತು ತೋರುಬೆರಳಿನ ಉಗುರಿನಿಂದ ತೊಟ್ಟನ್ನು ಚಿವುಟಿ, ಹಸಿರು ಟೊಪ್ಪಿಗೆ ಹಣ್ಣಿನಲ್ಲೇ ಉಳಿಯಲಿ. ರಾಸ್ಪ್‌ಬೆರಿ ಮಾಗಿದಾಗ ಒಳಗಿನ ಬಿಳಿ ದಿಂಡನ್ನು ಗಿಡದಲ್ಲೇ ಬಿಟ್ಟು ಹಗುರಾಗಿ ಕಳಚಿ ಬರುತ್ತದೆ. ಜಗ್ಗಬೇಕಾದರೆ ಇನ್ನೂ ಮಾಗಿಲ್ಲ. ಬ್ಲ್ಯಾಕ್‌ಬೆರಿಯಲ್ಲಿ ದಿಂಡು ಹಣ್ಣಿನ ಜೊತೆಗೇ ಬರುತ್ತದೆ, ಹಾಗಾಗಿ ಅದು ಕೊಂಚ ಗಟ್ಟಿ. ಇವ್ಯಾವುವೂ ಕಿತ್ತ ಮೇಲೆ ಸಿಹಿಯಾಗುವುದಿಲ್ಲ. ಬಣ್ಣ ಗಾಢವಾಗಬಹುದು, ಸಕ್ಕರೆ ಏರದು. ಬ್ಲೂಬೆರಿ ಪೂರ್ತಿ ನೀಲಿಯಾದ ಮೇಲೂ ಕೆಲವು ದಿನ ಗಿಡದಲ್ಲೇ ಬಿಟ್ಟರೆ ರುಚಿ ಬೇರೆಯೇ. ಸ್ಟ್ರಾಬೆರಿ, ರಾಸ್ಪ್‌ಬೆರಿಗಳನ್ನು ಎರಡು-ಮೂರು ದಿನಕ್ಕೊಮ್ಮೆ, ಬ್ಲೂಬೆರಿಯನ್ನು ವಾರಕ್ಕೊಮ್ಮೆ ಕೊಯ್ಯಬಹುದು.

ಹಿಪ್ಪುನೇರಳೆಗೆ ಅಗ್ಗದ ದಾರಿ ಟಾರ್ಪಾಲು. ಮಾಗಿದ ಹಣ್ಣಿನ ತೊಟ್ಟಿನ ಹಿಡಿತ ಸಡಿಲವಾಗಿರುತ್ತದೆ, ಕಾಯಿಯದು ಬಿಗಿ. ಆದ್ದರಿಂದ ಕೊಂಬೆಯನ್ನು ಹಿಡಿದು ಚಿಕ್ಕದಾಗಿ, ಬೇಗಬೇಗ ಅಲುಗಿಸಿದರೆ ಹಣ್ಣು ಉದುರಿ ಕಾಯಿ ಉಳಿಯುತ್ತದೆ. ಜೋರಾಗಿ ಬಡಿದರೆ ಎರಡೂ ಬೀಳುತ್ತವೆ, ಕೊಂಬೆಯೂ ಸೀಳುತ್ತದೆ. ಟಾರ್ಪಾಲನ್ನು ನೆಲಕ್ಕೆ ಹಾಸುವುದಕ್ಕಿಂತ ನಾಲ್ಕು ಮೂಲೆ ಕಟ್ಟಿ ಎತ್ತರಿಸಿ, ಸಡಿಲ ಬಿಟ್ಟರೆ ಬೀಳುವ ಪೆಟ್ಟು ಕಡಿಮೆ.

ಕೈಕೊಯ್ಲನ್ನೇ ಚುರುಕುಗೊಳಿಸುವ ಉಪಾಯಕ್ಕೆ ಖರ್ಚು ತೀರಾ ಕಡಿಮೆ: ಸೊಂಟಕ್ಕೆ ಬೆಲ್ಟಿನಿಂದ ಕಟ್ಟಿದ ಸಣ್ಣ ಬಕೆಟ್. ಎರಡೂ ಕೈ ಖಾಲಿಯಾಗುತ್ತವೆ, ಬಗ್ಗಿ ಏಳುವುದು ತಪ್ಪುತ್ತದೆ. ಇದು ಬ್ಲೂಬೆರಿಯಂಥ ಗಟ್ಟಿ ಹಣ್ಣಿಗೆ ಸರಿ. ರಾಸ್ಪ್‌ಬೆರಿಯನ್ನು ಮಾತ್ರ ನೇರವಾಗಿ ಮಾರುವ ಡಬ್ಬಿಗೇ ಹಾಕಬೇಕು, ಮೂರು-ನಾಲ್ಕು ಪದರ ಮೀರಬಾರದು; ಮೇಲಿನದರ ಭಾರಕ್ಕೆ ಕೆಳಗಿನದು ರಸ ಬಿಡುತ್ತದೆ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸುರಿದಷ್ಟೂ ಹಣ್ಣು ಹಾಳು, ಬ್ಲೂಬೆರಿಯ ಮೇಲಿನ ಬಿಳಿ ಮೇಣವೂ ಅಳಿಸಿಹೋಗುತ್ತದೆ.

ಕೊಯ್ಲು ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ. ಒದ್ದೆ ಹಣ್ಣಿಗೆ ಬೂದು ಬೂಷ್ಟು ಬೇಗ ಹಿಡಿಯುತ್ತದೆ, ಬಿಸಿಲೇರಿದ ಮೇಲೆ ಕಿತ್ತದ್ದು ಮೆತ್ತಗಾಗಿರುತ್ತದೆ. ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಹಣ್ಣಿನ ಉಸಿರಾಟ ಎರಡರಿಂದ ಮೂರು ಪಟ್ಟಾಗುತ್ತದೆ. ಅಷ್ಟೇ ಬೇಗ ಅದು ಮುದಿಯಾಗುತ್ತದೆ. ಕಿತ್ತ ತಕ್ಷಣ ನೆರಳಿಗೆ ಸೇರಿಸಿ, ಒಂದೆರಡು ಗಂಟೆಯೊಳಗೆ ತಣ್ಣಗಾಗಿಸಿ. ಶೀತಗೃಹದಲ್ಲಿ 0–1 ಡಿಗ್ರಿ ಸೂಕ್ತ. ದುಬಾರಿ ಸಾಧನಕ್ಕಿಂತ ಮೊದಲು ನೆರಳು, ತಂಪಿಗೆ ಖರ್ಚು ಮಾಡುವುದು ಲೇಸು.

ಕೊಳೆತ ಹಣ್ಣನ್ನು ಗಿಡದಲ್ಲೇ ಬಿಡುವುದು ದೊಡ್ಡ ತಪ್ಪು. ಅದರಲ್ಲಿ ಬೂಷ್ಟಿನ ಬೀಜಕಣಗಳು ಹೆಚ್ಚುತ್ತವೆ, ಹಣ್ಣಿನ ನೊಣ ಮೊಟ್ಟೆಯಿಡುತ್ತದೆ. ಅದಕ್ಕೆ ಬೇರೆ ಬಕೆಟ್ ಇರಲಿ, ಒಳ್ಳೆಯ ಹಣ್ಣು ಮುಟ್ಟುವ ಕೈ ಅದನ್ನು ಮುಟ್ಟದಿರಲಿ. ತುಂಬಿದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಕೆಲವು ದಿನ ಬಿಸಿಲಿಗಿಟ್ಟರೆ ಒಳಗಿನ ಹುಳುಗಳು ಸಾಯುತ್ತವೆ.