ಆ ಕೈಯನ್ನು ಸುಮ್ಮನೆ ಕೂರಿಸಬೇಡಿ

ಸ್ತನ ಕ್ಯಾನ್ಸರಿನ ಆಪರೇಷನ್, ಕೀಮೊ, ರೇಡಿಯೇಶನ್ ಎಲ್ಲ ಮುಗಿಸಿ ಮಂಗಳೂರಿನಿಂದಲೋ ತಲಶ್ಶೇರಿಯಿಂದಲೋ ಊರಿಗೆ ಮರಳಿದ ಹೆಂಗಸಿಗೆ ಕಾಸರಗೋಡಿನ ಕಡೆ ಮೊದಲು ಸಿಗುವ ಉಪದೇಶ: "ಇನ್ನು ಆ ಕೈಯಲ್ಲಿ ಕೊಡಪಾನ ಮುಟ್ಟಬೇಡ ಮಾರಾಯ್ತಿ." ನೀರು ಸೇದುವ ಕೆಲಸ ಸೊಸೆಗೆ ಹೋಗುತ್ತದೆ, ಅಡಿಕೆ ಹೆಕ್ಕುವುದು ಆಳಿಗೆ. ಪ್ರೀತಿಯಿಂದ ಹೇಳಿದ ಮಾತೇ. ಆದರೆ ಕಂಕುಳಿನ ಗ್ರಂಥಿ ತೆಗೆಸಿಕೊಂಡ ಕೈಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ.

ಭಯ ಎಲ್ಲಿಂದ ಬಂತೆಂಬುದು ಗೊತ್ತಿರುವುದೇ: ಕೈ ಊದಿಕೊಳ್ಳುತ್ತದೆ. ಇದು ಸುಳ್ಳಲ್ಲ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆರವು ಮಾಡಿಸಿಕೊಂಡ ನೂರು ಮಂದಿಯಲ್ಲಿ ಸುಮಾರು 20 ಮಂದಿಗೆ ಈ ಊತ (ಡಾಕ್ಟರರ ಭಾಷೆಯಲ್ಲಿ ಲಿಂಫೆಡಿಮಾ) ಬರುತ್ತದೆ. ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದಿದ್ದರೆ ಐದಾರು ಮಂದಿಗೆ. ನಿಮ್ಮದು ಯಾವುದೆಂದು ಡಿಸ್ಚಾರ್ಜ್ ಸಮ್ಮರಿ ನೋಡಿ. 'ಎಂಆರ್‌ಎಂ' (ಸ್ತನವನ್ನು ಪೂರ್ತಿ ತೆಗೆಯುವ ಆಪರೇಷನ್) ಎಂದು ಬರೆದಿದ್ದರೆ ಸಾಮಾನ್ಯವಾಗಿ ಕಂಕುಳನ್ನೂ ತೆರವು ಮಾಡಿದ್ದಾರೆ ಎಂದರ್ಥ. ಎಷ್ಟು ಗ್ರಂಥಿ ಹೋಗಿದೆ ಎಂಬುದು ಬಯಾಪ್ಸಿ ವರದಿಯಲ್ಲಿರುತ್ತದೆ.

ಊತ ಯಾಕೆ ಬರುತ್ತದೆ ಎಂಬುದು ಸ್ವಾರಸ್ಯದ ವಿಷಯ, ಪಠ್ಯಪುಸ್ತಕಗಳೇ ಬಹುಕಾಲ ಅರ್ಧ ತಪ್ಪು ಹೇಳಿಕೊಂಡು ಬಂದ ವಿಷಯವೂ ಹೌದು. ಕೂದಲೆಳೆಯಂಥ ರಕ್ತನಾಳಗಳಿಂದ ದ್ರವ ಸದಾ ಹೊರಗೆ ಜಿನುಗುತ್ತಿರುತ್ತದೆ. 1896ರಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ಕೊಟ್ಟ ವಿವರಣೆಯನ್ನು ಹಿಡಿದು, ಜಿನುಗಿದ್ದರಲ್ಲಿ ಬಹುಪಾಲು ಅದೇ ನಾಳದ ಇನ್ನೊಂದು ತುದಿಯಲ್ಲಿ ಒಳಗೆ ಸೇರುತ್ತದೆ, ಮಿಕ್ಕ ಚೂರುಪಾರು ಮಾತ್ರ ದುಗ್ಧನಾಳಕ್ಕೆ (ಲಿಂಫ್ ನಾಳಕ್ಕೆ) ಹೋಗುತ್ತದೆ ಎಂದು ಕಲಿಸಲಾಗುತ್ತಿತ್ತು. ಈಗಿನ ತಿಳಿವಳಿಕೆ ಬೇರೆ. ಚರ್ಮ, ಸ್ನಾಯುಗಳಂಥ ಕಡೆ ಜಿನುಗಿದ ದ್ರವ ಹೆಚ್ಚುಕಡಿಮೆ ಎಲ್ಲವೂ ದುಗ್ಧನಾಳದ ದಾರಿಯಲ್ಲೇ ಮರಳಬೇಕು. ಕೈಯ ಆ ನಾಳಗಳು ಹಾದುಹೋಗುವುದು ಕಂಕುಳಿನ ಗ್ರಂಥಿಗಳ ಮೂಲಕ. ಅಂದರೆ ಅವು ಮಳೆಗಾಲದ ಅಡಿಕೆ ತೋಟದ ಕಣಿಗಳಿದ್ದಂತೆ. ಒಂದು ಕಡೆ ಮಣ್ಣು ಕುಸಿದು ಕಣಿ ಕಟ್ಟಿದರೆ ಮೇಲಿನ ತಟ್ಟಿನಲ್ಲಿ ನೀರು ನಿಲ್ಲುತ್ತದೆ, ಬುಡ ಕೊಳೆಯುತ್ತದೆ.

ಒಂದು ವ್ಯತ್ಯಾಸವಿದೆ. ದುಗ್ಧನಾಳ ಇಳಿಜಾರನ್ನು ನಂಬಿಕೊಂಡಿಲ್ಲ. ಅದರ ಗೋಡೆಯಲ್ಲಿ ಸ್ನಾಯುವಿದೆ, ಅಲ್ಲಲ್ಲಿ ಒಮ್ಮುಖ ಕವಾಟಗಳಿವೆ. ಎರಡು ಕವಾಟಗಳ ನಡುವಿನ ತುಂಡು ತುಂಬಿದಾಗ ತಾನೇ ಹಿಂಡಿಕೊಂಡು ದ್ರವವನ್ನು ಮುಂದಿನ ತುಂಡಿಗೆ ದೂಡುತ್ತದೆ. ಜೊತೆಗೆ ಮುಷ್ಟಿ ಬಿಗಿದಾಗ, ತೋಳು ಎತ್ತಿದಾಗ, ದೀರ್ಘ ಉಸಿರೆಳೆದಾಗ ಹೊರಗಿನಿಂದಲೂ ಒತ್ತು ಸಿಗುತ್ತದೆ. ಕಂಕುಳಿನಲ್ಲಿ ದಾರಿ ಕಿರಿದಾದ ಕೈಗೆ ಈ ಹೊರಗಿನ ಒತ್ತು ಇನ್ನಷ್ಟು ಮುಖ್ಯ. ಆಡದ ಕೈಗೆ ಅದು ಸಿಗುವುದಿಲ್ಲ. ಮೇಲಿಂದ ಸ್ನಾಯು ಸೊರಗುತ್ತದೆ. ಕೊನೆಗೊಂದು ದಿನ ಮೊಮ್ಮಗುವನ್ನು ಎತ್ತಿದ್ದೇ ಆ ಕೈಗೆ ಅತಿಭಾರವಾಗುತ್ತದೆ.

ನಿಂತ ದ್ರವದಲ್ಲಿ ನೀರಷ್ಟೇ ಅಲ್ಲ, ಪ್ರೋಟೀನೂ ಇದೆ. ಹೀಗಾಗಿಯೇ 'ಮೂತ್ರ ಹೋಗುವ ಮಾತ್ರೆ' ಇಲ್ಲಿ ಕೆಲಸಕ್ಕೆ ಬಾರದು. ನೀರು ಹೋದರೂ ಪ್ರೋಟೀನು ಅಲ್ಲೇ ಉಳಿದು ಮತ್ತೆ ನೀರನ್ನು ಎಳೆಯುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅಲ್ಲಿ ನಾರು, ಕೊಬ್ಬು ಬೆಳೆದು ಕೈ ಗಟ್ಟಿಯಾಗುತ್ತದೆ. ಬೆರಳಲ್ಲಿ ಒತ್ತಿದಾಗ ಗುಳಿ ಬೀಳುತ್ತಿದ್ದು, ರಾತ್ರಿ ಕೈ ಎತ್ತಿಟ್ಟು ಮಲಗಿದರೆ ಇಳಿಯುತ್ತಿದ್ದರೆ ಇನ್ನೂ ಸಮಯವಿದೆ ಎಂದು ಲೆಕ್ಕ.

ಈ ಊತಕ್ಕೆ ಹಳೆಯದೊಂದು ಹೆಸರಿದೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ ಸ್ತನದ ಜೊತೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ಕಿತ್ತುಹಾಕುವ ಆಪರೇಷನ್ನಿನ ಬಗ್ಗೆ 1894ರಲ್ಲಿ ಬರೆದರು. 1921ರಲ್ಲಿ ಅವರೇ ಆ ಬಳಿಕ ಬರುವ ಕೈಯೂತವನ್ನು ಶಸ್ತ್ರಚಿಕಿತ್ಸೆಯ ಆನೆಕಾಲು ಎಂದು ಕರೆದರು. ಕಾರಣ ಸೋಂಕು ಎಂದು ಅವರ ವಾದ. ಅರ್ಧ ಸರಿ, ಸೋಂಕು ಊತವನ್ನು ಹೆಚ್ಚಿಸುತ್ತದೆ, ಆದರೆ ಮೂಲ ಕಾರಣ ಕಡಿದ ದಾರಿ. ಅಂಥ ಭಾರೀ ಆಪರೇಷನ್ ಬೇಕಿಲ್ಲವೆಂದು ತೋರಿಸಿದ್ದು ಅಮೆರಿಕದಲ್ಲಿ 1971ರಲ್ಲಿ ಬರ್ನಾರ್ಡ್ ಫಿಶರ್ ನೇತೃತ್ವದಲ್ಲಿ ಶುರುವಾದ ಪ್ರಯೋಗ. ನೀಲಿ ಬಣ್ಣ ಚುಚ್ಚಿ, ಸ್ತನದ ದ್ರವ ಮೊದಲು ತಲುಪುವ ಗ್ರಂಥಿಯನ್ನಷ್ಟೇ ಹುಡುಕಿ ತೆಗೆಯುವ ಕ್ರಮ ಬಂದದ್ದು 1990ರ ದಶಕದಲ್ಲಿ.

ಕರಾವಳಿಯವರಿಗೆ ಫೈಲೇರಿಯಾದ ಆನೆಕಾಲು ಹೊಸತಲ್ಲ. ಅಲ್ಲಿ ಹುಳ ಕೆಡಿಸಿದ್ದನ್ನು ಇಲ್ಲಿ ಕತ್ತಿ, ಕಿರಣಗಳು ಕೆಡಿಸುತ್ತವೆ, ಅಷ್ಟೇ. ಕಾಸರಗೋಡಿನ ಉಳಿಯತ್ತಡ್ಕದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಹೆಸರು ಮಾಡಿದ್ದು ಇಂಥ ಊತವನ್ನು ಇಳಿಸುವ ಕೆಲಸದಲ್ಲೇ.

ಇನ್ನು ಭಾರ ಎತ್ತುವ ವಿಚಾರ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಆಗಲೇ ಕೈ ಊದಿದ್ದ 141 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಿಂದ ವಾರಕ್ಕೆರಡು ದಿನ ಭಾರ ಎತ್ತಿಸಿದರು. ವರ್ಷದ ಕೊನೆಗೆ ಆ ಗುಂಪಿನಲ್ಲಿ ಊತ ಹೆಚ್ಚಾಗಲಿಲ್ಲ. ಊತ ಕೆರಳಿ ಚಿಕಿತ್ಸೆ ಬೇಕಾದವರು ಸುಮ್ಮನಿದ್ದ ಗುಂಪಿನಲ್ಲಿ ನೂರಕ್ಕೆ 29 ಆದರೆ ಎತ್ತಿದವರಲ್ಲಿ 14. ಗುಟ್ಟು ಇರುವುದು ನಿಧಾನದಲ್ಲಿ. ಡಾಕ್ಟರರ ಒಪ್ಪಿಗೆ ಪಡೆದು ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರುಮಾಡಿ. ಹತ್ತು ಸಲ ಎತ್ತಿ, ನಿಮಿಷ ಬಿಟ್ಟು ಮತ್ತೆ ಹತ್ತು. ಎರಡು ದಿನದ ವ್ಯಾಯಾಮ ಅದೇ ಭಾರದಲ್ಲಿ ಮಾಡಿ, ಕೈ ಭಾರವೆನಿಸದಿದ್ದರೆ ಮಾತ್ರ ಸ್ವಲ್ಪ ಏರಿಸಿ. ಜ್ವರವೋ ಮದುವೆ ಮನೆಯೋ ಅಂತ ವಾರ ತಪ್ಪಿದರೆ ಬಿಟ್ಟಲ್ಲಿಂದ ಅಲ್ಲ, ಒಂದು ಮೆಟ್ಟಿಲು ಕೆಳಗಿನಿಂದ ಹಿಡಿಯಿರಿ. ಹತ್ತು ಲೀಟರಿನ ಕೊಡಪಾನ ಎಂದರೆ ಹತ್ತು ಕಿಲೋ, ಮೇಲೆ ಹಗ್ಗದ ಜಗ್ಗು. ಮೊದಲ ದಿನವೇ ಅದಕ್ಕೆ ಕೈ ಹಾಕಬಾರದು ನಿಜ, ಆದರೆ ತಿಂಗಳುಗಳ ಮೇಲೆ ಅಲ್ಲಿಗೆ ತಲುಪಬಹುದು. ಬೀಡಿ ಕಟ್ಟುವವರ ತೊಂದರೆ ಬೇರೆ. ಅವರ ಬೆರಳು ಆಡುತ್ತದೆ, ಹೆಗಲು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿರುತ್ತದೆ. ಅರ್ಧ ಗಂಟೆಗೊಮ್ಮೆ ತಟ್ಟೆ ಬದಿಗಿಟ್ಟು ಕೈ ಮೇಲೆತ್ತಿ ಹದಿನೈದು ಸಲ ಮುಷ್ಟಿ ಬಿಗಿದು ಬಿಡಬೇಕು.

ಆಪರೇಷನ್ನಾದ ಕೆಲವು ವಾರಗಳಲ್ಲಿ ಕಂಕುಳಿಂದ ಮೊಣಕೈಯವರೆಗೆ ಬಿಗಿದ ತಂತಿಯಂಥದ್ದು ಕಾಣಿಸಿದರೆ ಗಾಬರಿ ಬೇಡ. ಹೆಚ್ಚಿನವರಲ್ಲಿ ಮೂರು ತಿಂಗಳೊಳಗೆ ಕರಗುತ್ತದೆ, ಮೆಲ್ಲಗೆ ಕೈ ಚಾಚುವ ವ್ಯಾಯಾಮ ಅದಕ್ಕೆ ಮದ್ದು.

ಊತವನ್ನು ಕಣ್ಣಿಗಿಂತ ಮೊದಲು ಟೇಪು ಹಿಡಿಯುತ್ತದೆ. ದರ್ಜಿಯ ಟೇಪು ಸಾಕು. ಮೇಜಿನ ಮೇಲೆ ಕೈ ಚಾಚಿ, ಮಣಿಕಟ್ಟಿನ ಎಲುಬಿನಿಂದ ಮೇಲಕ್ಕೆ 4 ಸೆಂ.ಮೀ.ಗೊಂದರಂತೆ ಪೆನ್ನಿನ ಗುರುತು ಹಾಕಿ. ಚರ್ಮ ಒತ್ತದಂತೆ ಸುತ್ತಿ ಎರಡೂ ಕೈಗಳ ಅಳತೆ ಬರೆದಿಡಿ. ಕೆಲಸ ಮಾಡುವ ಬಲಗೈ ಮೊದಲೇ ತುಸು ದಪ್ಪ, ಆದ್ದರಿಂದ ಆಪರೇಷನ್ನಿಗೆ ಮುಂಚಿನ ಅಳತೆ ಇದ್ದರೆ ಬಂಗಾರ. ಮೂರು ತಿಂಗಳಿಗೊಮ್ಮೆ ಅದೇ ಹೊತ್ತಿನಲ್ಲಿ ಅಳೆದು, ಎಲ್ಲಾದರೂ 2 ಸೆಂ.ಮೀ. ವ್ಯತ್ಯಾಸ ಬಂದರೆ ಫಿಸಿಯೋಥೆರಪಿಸ್ಟರನ್ನು ಕಾಣಿ. ರವಿಕೆಯ ಒಂದು ತೋಳು ಬಿಗಿಯಾಗುವುದು, ಬಳೆ ಒಂದೇ ಕೈಯಲ್ಲಿ ಸಿಕ್ಕಿಕೊಳ್ಳುವುದೂ ಅಳತೆಯೇ. ಹೆಚ್ಚಿನವರಿಗೆ ಮೊದಲ ಎರಡು ಮೂರು ವರ್ಷಗಳಲ್ಲೇ ಗೊತ್ತಾಗುತ್ತದೆ.

ಆ ಕೈಯಲ್ಲಿ ಬಿಪಿ ನೋಡಬಾರದು, ಸೂಜಿ ಚುಚ್ಚಬಾರದು ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. 2016ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನದಲ್ಲಿ ಇವುಗಳಿಗೂ ಊತಕ್ಕೂ ನಂಟು ಕಾಣಲಿಲ್ಲ. ಕಂಡದ್ದು ಗ್ರಂಥಿ ತೆರವು, ಅಲ್ಲಿಗೆ ಕೊಟ್ಟ ರೇಡಿಯೇಶನ್, ಹೆಚ್ಚಿನ ಮೈತೂಕ ಮತ್ತು ಚರ್ಮದ ಸೋಂಕಿಗೆ. ಇನ್ನೊಂದು ಕೈ ಆಗುವುದಾದರೆ ಅದನ್ನೇ ಕೊಡಿ, ಇಲ್ಲದಿದ್ದರೆ ಲ್ಯಾಬಿನವರೊಡನೆ ಜಗಳ ಬೇಡ.

ಹೆದರಬೇಕಾದ್ದು ಸೋಂಕಿಗೆ. ಕುಚ್ಚಿಲಕ್ಕಿಯ ಗಂಜಿ ಬಸಿಯುವಾಗ ಮುಂಗೈಗೆ ತಾಗುವ ಆವಿ, ಚಾಲಿ ಅಡಿಕೆ ಸುಲಿಯುವಾಗ ಚುಚ್ಚುವ ಸಿಪ್ಪೆ, ಬೀಡಿ ಎಲೆಯ ಕತ್ತರಿ ಇವೇ ಬಾಗಿಲುಗಳು. ಗಾಯವಾದ ಕೂಡಲೇ ಸಾಬೂನು ನೀರಿನಲ್ಲಿ ತೊಳೆದು ಮುಲಾಮು ಹಚ್ಚಿ. ಕೈ ಕೆಂಪಾಗಿ ಬಿಸಿಯೇರಿ, ಚಳಿಜ್ವರ ಬಂದರೆ ಸರ್ಪಸುತ್ತೆಂದು ಕೆಮ್ಮಣ್ಣು ಬಳಿದು ಕೂರುವವರಿದ್ದಾರೆ. ಕೆಂಪು ಕೆಲವೇ ತಾಸುಗಳಲ್ಲಿ ಹರಡುತ್ತದೆ, ಅಂದೇ ಆಸ್ಪತ್ರೆಗೆ ಹೋಗಿ ಆಂಟಿಬಯೋಟಿಕ್ ಶುರುಮಾಡಬೇಕು. ಬಿಸಿ ಎಣ್ಣೆ ಹಾಕಿ ಬಲವಾಗಿ ತಿಕ್ಕುವುದೂ ಬೇಡ.

ಊತ ಬಂದೇಬಿಟ್ಟರೆ ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜ್ ಸುತ್ತಬೇಡಿ. ಅದು ತುಂಬ ಹಿಗ್ಗುವ ಜಾತಿ. ಕೈ ಆಡಿದಾಗ ಹಿಗ್ಗಿ ಒತ್ತು ಕೊಡದೆ, ಮಲಗಿದಾಗ ಮಾತ್ರ ಹಿಂಡುತ್ತದೆ. ಬೇಕಾದ್ದು ಕಡಿಮೆ ಹಿಗ್ಗುವ ಬ್ಯಾಂಡೇಜ್, ಅದೂ ತರಬೇತಿಯಾದವರ ಕೈಯಿಂದ, ಒಳಗೆ ಸ್ಪಂಜು ಇಟ್ಟು. ಎರಡು ನಾಲ್ಕು ವಾರಗಳಲ್ಲಿ ಊತ ಇಳಿದ ಮೇಲೆ ಅಳತೆ ಕೊಟ್ಟು ಕಂಪ್ರೆಷನ್ ಸ್ಲೀವ್ (ಕೈಯನ್ನು ಒತ್ತಿ ಹಿಡಿಯುವ ಬಿಗಿ ತೋಳು) ತರಿಸಿಕೊಳ್ಳಿ. ಬೆಳಿಗ್ಗೆ ಹಾಕಿ ರಾತ್ರಿ ತೆಗೆಯುವುದು. ಮೇಲಿನ ಅಂಚನ್ನು ಮಡಚಿದರೆ ಅಲ್ಲೇ ಉರುಳು ಬಿದ್ದಂತೆ, ಕೆಳಗೆ ಊತ ಹೆಚ್ಚುತ್ತದೆ. ನಮ್ಮ ಮಳೆಗಾಲದಲ್ಲಿ ಒಂದು ಒಣಗುವಷ್ಟರಲ್ಲಿ ಇನ್ನೊಂದು ಬೇಕು, ಹಾಗಾಗಿ ಎರಡು ಇಟ್ಟುಕೊಳ್ಳಿ. ಒದ್ದೆಯದನ್ನು ಹಾಕಿದರೆ ಹುಳುಕಡ್ಡಿ ಗ್ಯಾರಂಟಿ. ಆರು ತಿಂಗಳಿಗೆ ಅದರ ಬಿಗಿ ಹೋಗಿರುತ್ತದೆ, ನೋಡಲು ಹೊಸದರಂತೆ ಕಂಡರೂ ಬದಲಾಯಿಸಿ.